ನಿಂತೇ ಸವೆದ ಎಣ್ಣೆ

ಸಂಜೆ ಗಾಡಿಯನ್ನು ವಠಾರದ ಅಂಗಳಕ್ಕೆ ತಂದು ನಿಲ್ಲಿಸಿದ ಮೇಲೆ ತಂಪಕ್ಕ ತಕ್ಷಣ ಇಳಿಯುತ್ತಿರಲಿಲ್ಲ. ಮೊದಲು ಮಕ್ಕಳನ್ನು ಕರೆಯುವ ಹಾಡನ್ನು ನಿಲ್ಲಿಸುವಳು, ಆಮೇಲೆ ಹಿಂದಿನ ಐಸ್‌ಕ್ರೀಮ್ ಯಂತ್ರವನ್ನು, ಕಟ್ಟಕಡೆಗೆ ಎಂಜಿನ್ನನ್ನು. ಮೂರೂ ಸುಮ್ಮನಾದರೂ ಅವಳ ಮೈಯೊಳಗೆ ಏನೋ ಗುಂಯ್‌ಗುಡುತ್ತಲೇ ಇರುತ್ತಿತ್ತು. ಅದು ಅಡಗುವವರೆಗೆ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತಿರುವಳು. ಬಲಗೈ ತಣ್ಣಗೆ, ಎಡಗೈ ಬೆಚ್ಚಗೆ. ದಿನವಿಡೀ ಒಂದು ಕೈ ಯಂತ್ರದ ಹಿಡಿಯ ಮೇಲೆ, ಇನ್ನೊಂದು ಬಿಸಿಲು ಬೀಳುವ ಕಿಟಕಿಯ ಹಲಗೆಯ ಮೇಲೆ. ಒಂದೇ ಮೈಗೆ ಎರಡು ಹವೆ. ಆಮೇಲೆ ಬಗ್ಗಿ ಮೀಟರಿನ ಅಂಕೆ ನೋಡುವಳು. ಅದನ್ನು ಮರೆಯದಂತೆ ಬಾಯಲ್ಲೇ ಮೆಲುಕು ಹಾಕುತ್ತ ಮೂರು ಮಹಡಿ ಹತ್ತುವಳು. ಯಾಕೆಂದರೆ ಬಾಗಿಲು ತೆರೆದ ಕೂಡಲೇ ಗಂಡ ಕೇಳುವುದು ಅದನ್ನೇ.

"ಎಷ್ಟು ಓಡ್ತು ಇವತ್ತು?"

ಊಟ ಮಾಡಿದೆಯಾ ಎಂದಲ್ಲ, ಕಾಲು ನೋಯುತ್ತಾ ಎಂದಲ್ಲ. ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಆ ಹೊತ್ತಿಗೆ ಅದು ಉಳಿದಿರುತ್ತಿರಲಿಲ್ಲ. ಅಂಕೆ ಹೇಳುವಳು. ಅವನು ನಿನ್ನೆಯದನ್ನು ಮನಸ್ಸಿನಲ್ಲೇ ಕಳೆದು, "ಅಷ್ಟೇನಾ?" ಎನ್ನುವನು. "ಅಷ್ಟೇ" ಎಂದು ಅವಳು ಗೋಡೆಗೆ ಒರಗಿ ಚಪ್ಪಲಿ ಬಿಡುವಳು. ಚಪ್ಪಲಿಯ ಪಟ್ಟಿಯ ಗುರುತು ಊದಿದ ಪಾದದ ಮೇಲೆ ಮಲಗುವವರೆಗೂ ಇರುತ್ತಿತ್ತು.

ಗಾಡಿ ಮೊದಲು ಅವನದು. ಅವಳು ಆಗ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುತ್ತಿದ್ದಳು. ಶಾಲೆಯ ಮಕ್ಕಳು ಅವನನ್ನು ತಂಪಣ್ಣ ಎಂದು ಕರೆಯುತ್ತಿದ್ದವು. ಎದೆಯ ಆಪರೇಷನ್ ಆಗಿ ಅವನು ಮನೆ ಹಿಡಿದಾಗ, ಗಾಡಿಯ ಜೊತೆ ಹೆಸರೂ ಅವಳ ಪಾಲಿಗೆ ಬಂತು. "ಗಂಡ ತಂಪಣ್ಣ, ಹೆಂಡತಿ ತಂಪಕ್ಕ. ಊರ ಮಕ್ಕಳೆಲ್ಲ ಸೇರಿ ನಮ್ಮನ್ನ ಅಣ್ಣ ತಂಗಿ ಮಾಡಿಬಿಟ್ವು" ಎಂದು ಅವನು ಆಸ್ಪತ್ರೆಯ ಹಾಸಿಗೆಯಲ್ಲೇ ನಗಾಡಿದ್ದ. ನಕ್ಕಿದ್ದಕ್ಕೆ ಹೊಲಿಗೆ ಜಗ್ಗಿ, ನರ್ಸಿನಿಂದ ಬೈಸಿಕೊಂಡಿದ್ದ. ಭಾರ ಎತ್ತಬೇಡಿ, ಮೆಟ್ಟಿಲು ಇಳಿದರೂ ಪರವಾಗಿಲ್ಲ, ಹತ್ತಬೇಡಿ ಎಂದರು ಡಾಕ್ಟರು. "ಇಳಿದೋನು ಹತ್ತದೆ ಎಲ್ಲಿಗೆ ಹೋಗ್ಲಿ ಸಾರ್?" ಎಂದು ಇವನು ಕೇಳಿದ. ಅವರು ನಗುತ್ತ ಪಕ್ಕದ ಹಾಸಿಗೆಗೆ ಹೋದರು. ಹಾಗಾಗಿ ಅವನು ಇಳಿಯಲೂ ಇಲ್ಲ. ಅಂಗಳದ ಕಡೆಗಿನ ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿಕೊಂಡ. ಬೆಳಿಗ್ಗೆ ಗಾಡಿ ಹೊರಡುವುದನ್ನು, ಸಂಜೆ ಬರುವುದನ್ನು ಅಲ್ಲಿಂದ ನೋಡುತ್ತಿದ್ದ.

ಅವಳಿಗೆ ಓಡಿಸಲು ಕಲಿಸಿದವನು ಅವನೇ. ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಮಾರುಕಟ್ಟೆಯ ಹಿಂದಿನ ಖಾಲಿ ಬಯಲಲ್ಲಿ, ಪಕ್ಕದ ಸೀಟಿನಲ್ಲಿ ಎದೆ ಹಿಡಿದುಕೊಂಡು ಕೂತು, "ಬಿಡು, ಬಿಡು, ಕ್ಲಚ್ ಮೆಲ್ಲಗೆ ಬಿಡು, ಅದೇನು ಹಾವಾ ಹಂಗೆ ತುಳಿಯೋಕೆ?" ಎಂದು ಕಲಿಸಿದ. ಗೇರು ಬದಲಾಯಿಸುವುದು, ಮಿಶ್ರಣ ಸುರಿಯುವುದು, ಕೋನಿನ ಮೇಲೆ ಸುರುಳಿ ಸುತ್ತುವುದು ಎಲ್ಲ ಕಲಿತಳು. ಬಾನೆಟ್ ಎತ್ತುವುದನ್ನು ಮಾತ್ರ ಕಲಿಯಲಿಲ್ಲ. "ಅದು ನನ್ನ ಕೆಲಸ, ನನಗೇ ಇರಲಿ" ಎಂದಿದ್ದ. ಮೊದಲ ವಾರವೇ ಅವಳು ಹಾಡು ನಿಲ್ಲಿಸಲು ಮರೆತು ಒಂದು ಸಾವಿನ ಮನೆಯ ಮುಂದೆ ಹಾದುಹೋದಳು. ಹೊರಗೆ ಕುರ್ಚಿ ಹಾಕಿ ಕೂತಿದ್ದ ದೊಡ್ಡವರೆಲ್ಲ ಕೆಕ್ಕರಿಸಿ ನೋಡಿದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಷ್ಟರಲ್ಲಿ ಅದೇ ಮನೆಯಿಂದ ಒಂದು ಪುಟ್ಟ ಹುಡುಗಿ ಅತ್ತ ಕಣ್ಣಿನಲ್ಲೇ ಓಡಿಬಂದು ಕಿಟಕಿಗೆ ಕೈ ಚಾಚಿದಳು. ಆ ಹಾಡನ್ನು ಕಂಡರೆ ತಂಪಕ್ಕನಿಗೆ ಈಗ ಆಗುವುದಿಲ್ಲ. ಆದರೂ ಪಾತ್ರೆ ತೊಳೆಯುವಾಗ ಅದೇ ಬಾಯಿಗೆ ಬರುತ್ತದೆ. ಒಳಗಿನಿಂದ ಗಂಡ "ಬಂತು ನೋಡು ಗಾಡಿ" ಎನ್ನುತ್ತಾನೆ.

ಎಣ್ಣೆಯ ಕತೆ ಶುರುವಾದದ್ದು ಹೋದ ವರ್ಷದ ಬೇಸಿಗೆಯ ಮೊದಲಲ್ಲಿ. ಎಂಜಿನ್ನಿಗೆ ಎಣ್ಣೆ ಬದಲಾಯಿಸುವ ಕಾಲ ಬಂದಿತ್ತು. ತಾನೇ ತರುತ್ತೇನೆ ಎಂದು ಗಂಡ ಹಟ ಹಿಡಿದ. ಅವಳು ಕೆಲಸಕ್ಕೆ ಹೋದ ಸಮಯ ನೋಡಿ ಮೆಟ್ಟಿಲಿಳಿದು, ಬಸ್ಸು ಹತ್ತಿ, ಷಡ್ಡಕನ ಅಂಗಡಿಗೆ ಹೋಗಿ, ಹೊಳೆಯುವ ಕಪ್ಪು ಡಬ್ಬದಲ್ಲಿ ಎಣ್ಣೆ ತಂದ. ತಂದವನು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆದರೆ ಮುಖದಲ್ಲಿ ಗೆದ್ದು ಬಂದವನ ಕಳೆ. "ಫುಲ್ ಸಿಂಥೆಟಿಕ್ ಕಣೇ. ಇದರ ಮೇಲೆ ಇನ್ನೊಂದಿಲ್ಲ. ನಾವು ಹಾಕ್ತಿದ್ದ ಅಗ್ಗದ ಎಣ್ಣೆ ಇದರ ಮುಂದೆ ಯಾವ ಲೆಕ್ಕ?" ಎಂದ. ಡಬ್ಬದ ಮೇಲೆ ಬರೆದಿದ್ದಷ್ಟು ದೂರವನ್ನು ಮೀಟರಿನ ಅಂಕೆಗೆ ಕೂಡಿಸಿ, ಒಂದು ರಟ್ಟಿನ ಚೂರಿನಲ್ಲಿ ದಪ್ಪಗೆ ಬರೆದು, ಎಣ್ಣೆ ಬದಲಾಯಿಸಿಕೊಟ್ಟ ವಠಾರದ ಹುಡುಗನ ಕೈಲೇ ಬಾನೆಟ್ಟಿನ ಒಳಗೆ ಕಟ್ಟಿಸಿದ. ಮುಂದಿನ ಬದಲಾವಣೆ ಆ ಅಂಕೆ ಬಂದಾಗ. ಅಂದಿನಿಂದ ಸಂಜೆಯ ಪ್ರಶ್ನೆ ಶುರುವಾಯಿತು.

ಅಂಕೆ ಬರಲಿಲ್ಲ. ಆ ಬೇಸಿಗೆ ಕಳೆಯಿತು, ಮಳೆ ಕಳೆಯಿತು, ಇನ್ನೊಂದು ಬೇಸಿಗೆ ಬಂತು. ಮೀಟರು ಆ ಅಂಕೆಯ ಅರ್ಧ ದಾರಿಯಲ್ಲೇ ಕುಂಟುತ್ತಿತ್ತು. "ನೋಡಿದ್ಯಾ, ಒಳ್ಳೇ ಎಣ್ಣೆ ಅಂದ್ರೆ ಹಿಂಗೆ" ಎಂದು ಮೊದಮೊದಲು ಗಂಡ ಹೇಳುತ್ತಿದ್ದ. ಇತ್ತೀಚೆಗೆ ಹಾಗೆ ಹೇಳುವುದನ್ನು ಬಿಟ್ಟಿದ್ದ. ಅಂಕೆ ಕೇಳಿ "ಅಷ್ಟೇನಾ?" ಎನ್ನುತ್ತಿದ್ದ, ಅಷ್ಟೇ.

ಸದ್ದು ಮೊದಲು ಕೇಳಿಸಿದ್ದು ಶಾಲೆಯ ಗೇಟಿನ ಮುಂದೆ. ಹಾಡು ನಿಲ್ಲಿಸಿದ ಹೊತ್ತಿನಲ್ಲಿ ಎಂಜಿನ್ನಿನ ಮೇಲ್ಭಾಗದಿಂದ ಟಿಕ್ ಟಿಕ್ ಟಿಕ್ ಎಂದು, ಯಾರೋ ಉಗುರಿನಿಂದ ತಟ್ಟೆ ಕುಟ್ಟಿದ ಹಾಗೆ. ಹಾಡು ಹಾಕಿದರೆ ಕೇಳಿಸುತ್ತಿರಲಿಲ್ಲ. ಅವಳು ಹಾಡು ಹಾಕಿದಳು. ಅದೆಷ್ಟೋ ದಿನ ಹಾಗೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯ ಗೇಟಿನ ಬಳಿ, ಬಿಸಿಲಲ್ಲಿ ನಿಂತು ಎಂಜಿನ್ ಕುದಿಯುತ್ತಿದ್ದಾಗ, ಮೀಟರಿನ ಪಕ್ಕದ ಎಣ್ಣೆಯ ಕೆಂಪು ದೀಪ ಮಿಣಕ್ ಎಂದು ಹತ್ತಿ ಆರಿತು. ಮತ್ತೆ ಹತ್ತಿತು. ಹಾಡಿಗೆ ಆ ದೀಪವನ್ನು ಮುಚ್ಚುವ ಶಕ್ತಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಗಾಡಿಯನ್ನು ನೇರ ಗೊಣಗಣ್ಣನ ಶೆಡ್ಡಿಗೆ ತಂದಳು. ಅವನ ನಿಜವಾದ ಹೆಸರು ಅವನ ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಆ ಬೀದಿಯ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನು ಅವನೇ, ಗೊಣಗುತ್ತಲೇ ಮಾಡುವವನು.

"ಬಾನೆಟ್ ಎತ್ತಿ. ಬರಲ್ವಾ? ಎತ್ತೋಕೂ ನಾನೇ ಬರಬೇಕು, ಇಳಿಸೋಕೂ ನಾನೇ ಬರಬೇಕು. ಬರ್ತೀನಿ ಬಿಡಿ."

ಅವನು ಎಣ್ಣೆ ಸುರಿಯುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದ. ಅದರ ಒಳಗೆ ಒಲೆಯ ಮೇಲೆ ಮರೆತ ಪಾತ್ರೆಯ ತಳದಂತೆ ಕರ್ರಗೆ ಹತ್ತಿಕೊಂಡಿತ್ತು. ಅಳತೆ ಕಡ್ಡಿ ಎಳೆದು, ತುದಿಯ ಹನಿಯನ್ನು ಬೆರಳುಗಳ ನಡುವೆ ಉಜ್ಜಿ, ಮೂಸಿ, ಮುಖ ಸಿಂಡರಿಸಿದ.

"ಯಾವ ಎಣ್ಣೆ ಇದು?"

"ತುಂಬ ಒಳ್ಳೇದು. ಎಲ್ಲಕ್ಕಿಂತ ದುಬಾರಿದು."

"ದುಬಾರಿ ಅಂತ ಎಂಜಿನ್‌ಗೆ ಯಾರು ಹೇಳಿದ್ರು? ಹಾಕಿ ಎಷ್ಟು ಕಾಲ ಆಯ್ತು?"

"ಹೋದ ಬೇಸಿಗೇಲಿ. ಆದ್ರೆ ಜಾಸ್ತಿ ಓಡಿಲ್ಲ ಅಣ್ಣ, ಚೀಟಿ ನೋಡಿ. ಇನ್ನೂ ಅರ್ಧ ಬಾಕಿ ಇದೆ."

ಗೊಣಗಣ್ಣ ರಟ್ಟಿನ ಚೂರನ್ನೂ ನೋಡಿದ, ಅವಳನ್ನೂ ನೋಡಿದ. "ದಿನಾ ಎಲ್ಲೆಲ್ಲಿಗೆ ಹೋಗ್ತೀರಿ?"

"ಇಲ್ಲಿಂದ ಶಾಲೆ. ಶಾಲೆಯಿಂದ ಆಸ್ಪತ್ರೆ ಗೇಟು. ಆಮೇಲೆ ಪಾರ್ಕು. ನಡ್ಕೊಂಡು ಹೋದ್ರೂ ಆಗುತ್ತೆ."

"ಅಲ್ಲೆಲ್ಲ ಎಂಜಿನ್ ಆರಿಸ್ತೀರಾ?"

"ಆರಿಸಿದ್ರೆ ಐಸ್‌ಕ್ರೀಮ್ ಯಂತ್ರ ನಿಂತೋಗುತ್ತಲ್ಲ. ಎಲ್ಲಾ ನೀರಾಗುತ್ತೆ. ಬೆಳಿಗ್ಗೆ ಹಾಕಿದ್ದು ಮನೆಗೆ ಬಂದೇ ಆರಿಸೋದು."

"ಅಲ್ಲಿಗೆ ಆಯ್ತಲ್ಲ!" ಗೊಣಗಣ್ಣ ಅಳತೆ ಕಡ್ಡಿಯನ್ನು ಆಡಿಸಿದ. "ಚಕ್ರ ತಿರುಗಿದ್ದು ಎಂಜಿನ್‌ಗೆ ಗೊತ್ತಾಗಲ್ಲ ತಾಯಿ. ಅದಕ್ಕೆ ಗೊತ್ತಾಗೋದು ತಾನು ತಿರುಗಿದ್ದು ಮಾತ್ರ. ನಿಂತಲ್ಲೇ ದುಡಿದ್ರೂ ದುಡಿಮೆಯೇ. ಅದೂ ಗಾಳಿ ಬೀಳದೆ, ಬಿಸಿಲಲ್ಲಿ ಬೇಯ್ತಾ ನಿಂತು ದುಡಿಯೋದು ಓಡೋದಕ್ಕಿಂತ ಕಷ್ಟ. ಮೀಟರು ನಿಂತಿದೆ ಅಂತ ನೀವು ಸುಮ್ಮನಿದ್ರಿ. ಒಳಗೆ ಎಣ್ಣೆ ಸತ್ತು ಎಷ್ಟೋ ಕಾಲ ಆಗಿದೆ."

ತಂಪಕ್ಕ ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಾಯಿಸಿಕೊಂಡಳು.

"ಎಣ್ಣೆ ತನ್ನಿ, ಫಿಲ್ಟರ್ ತನ್ನಿ, ನಾಳೆನೇ ಬದಲಾಯಿಸ್ತೀನಿ. ಇನ್ನೊಂದು ವಾರ ಹೀಗೇ ಓಡಿಸಿದ್ರೆ ಎಂಜಿನ್ನೇ ಹಿಡ್ಕೊಳ್ಳುತ್ತೆ. ಆವಾಗ ಹೊಸ ಎಂಜಿನ್ ಬೇಕು, ಇಲ್ಲಾ ಗುಜರಿಯವನು ಬೇಕು. ಆವಾಗ ನಾನು ಗೊಣಗಲ್ಲ, ಕೂತು ಅಳ್ತೀನಿ."

ಗಾಡಿ ಹೋದರೆ ಬೇಸಿಗೆ ಹೋದಂತೆ, ಬೇಸಿಗೆ ಹೋದರೆ ವರ್ಷವೇ ಹೋದಂತೆ. ಹೊಲಿಗೆ ಕಾರ್ಖಾನೆ ಮಂಜಾದ ಈ ಕಣ್ಣಿಗೆ ಮತ್ತೆ ಕೆಲಸ ಕೊಡುವುದಿಲ್ಲ. ಅದೆಲ್ಲ ಅವಳಿಗೆ ಒಂದೇ ಉಸಿರಿನಲ್ಲಿ ಹೊಳೆಯಿತು. ಆದರೆ ಎದೆಗೆ ಚುಚ್ಚಿದ್ದು ಬೇರೆ. ಆ ಮನುಷ್ಯ ಗಾಡಿಗಾಗಿ ಮಾಡಿದ ಕೊನೆಯ ಕೆಲಸ ಆ ಎಣ್ಣೆ. ಈಗ ಅದು ಕೆಟ್ಟಿತು ಎಂದು ಯಾವ ಬಾಯಿಂದ ಹೇಳುವುದು?

ಎಣ್ಣೆಗೆ ಅವಳು ಭಾವನ ಅಂಗಡಿಗೇ ಹೋದಳು. ಅಕ್ಕನ ಗಂಡ, ಮಾತಿನ ಮಲ್ಲ. ಗಂಡನಿಗೂ ಅವನಿಗೂ ಷಡ್ಡಕರ ನಡುವೆ ಇರುವ ಬಿಗುಮಾನ ಇದ್ದೇ ಇತ್ತು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದವರು. ಒಬ್ಬ ಅಂಗಡಿ ಕಟ್ಟಿದ, ಇನ್ನೊಬ್ಬ ಐಸ್‌ಕ್ರೀಮ್ ಗಾಡಿ ಓಡಿಸಿಕೊಂಡು ಬಂದ. ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಡಬ್ಬಗಳು: ಕೆಂಪು, ನೀಲಿ, ಬಂಗಾರದ ಬಣ್ಣ. ಎಲ್ಲದರ ಮೇಲೂ ಬೆಂಕಿ ಕಾರುವ ಕಾರುಗಳ ಚಿತ್ರ. ಐಸ್‌ಕ್ರೀಮ್ ಗಾಡಿಯ ಚಿತ್ರ ಯಾವುದರ ಮೇಲೂ ಇರಲಿಲ್ಲ.

ಅವಳು ನಡೆದದ್ದನ್ನು ಹೇಳಿದಳು. ಭಾವ ನಾಲಿಗೆ ಕಚ್ಚಿಕೊಂಡ.

"ಛೆ! ನಿಂತೇ ಓಡುತ್ತೆ ಅನ್ನೋದು ನನಗೂ ಹೊಳೀಲಿಲ್ಲ ನೋಡು. ಮೊದಲು ಅವನು ಅಗ್ಗದ್ದು ಒಯ್ಯೋನು, ಬೇಸಿಗೆಗೆ ಮೂರು ಸಲ ಬಂದು ಒಯ್ಯೋನು. ಲೆಕ್ಕ ಗಿಕ್ಕ ಏನಿಲ್ಲ, ಅಭ್ಯಾಸ. ಅದರಿಂದಲೇ ಎಂಜಿನ್ ಉಳ್ಕೊಂಡಿತ್ತು. ದುಬಾರಿದು ಒಯ್ದ, ಅಭ್ಯಾಸ ಬಿಟ್ಟ."

"ಹಾಗಾದ್ರೆ ಆ ಸಿಂಥೆಟಿಕ್ ಅನ್ನೋದೇ ಮೋಸವಾ ಭಾವ?"

"ಮೋಸ ಯಾಕೆ? ಒಳ್ಳೇದೇ. ಬಾ ಇಲ್ಲಿ." ಮೂರು ಡಬ್ಬ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟ. "ಇದು ನೆಲದಿಂದ ತೆಗೆದ ಎಣ್ಣೆ, ಬರೀ ಸೋಸಿದ್ದು. ಬಿಸಿಗೆ ಬೇಗ ಸೋಲುತ್ತೆ. ಇದೂ ನೆಲದ್ದೇ, ಆದ್ರೆ ಇದನ್ನ ಒಳಗಿಂದ ಒಡೆದು, ಕಸರು ತೆಗೆದು, ಮತ್ತೆ ಒಪ್ಪ ಮಾಡಿರ್ತಾರೆ. ಇದಕ್ಕೂ ಸಿಂಥೆಟಿಕ್ ಅಂತಲೇ ಚೀಟಿ ಅಂಟಿಸ್ತಾರೆ. ಈ ಮೂರನೇದು ಅನಿಲದಿಂದ ಶುರುಮಾಡಿ, ಮಣಿ ಪೋಣಿಸಿದ ಹಾಗೆ ಪೋಣಿಸಿ ಕಟ್ಟಿದ್ದು. ಹುಟ್ಟಿನಿಂದಲೇ ಸಿಂಥೆಟಿಕ್. ನಿನ್ನ ಗಂಡ ಒಯ್ದಿದ್ದು ಇದು."

"ಎರಡನೇದು ಸಿಂಥೆಟಿಕ್ಕೋ ಅಲ್ವೋ?"

"ನಿನ್ನ ವೆನಿಲ್ಲಾ ಕಾಯಿಂದ ಬಂದದ್ದೋ, ಸೀಸೆಯಿಂದ ಬಂದದ್ದೋ?"

"ಸೀಸೆಯಿಂದ."

"ಜನ ವೆನಿಲ್ಲಾ ಅಂತಲೇ ತಿಂತಾರಲ್ಲ! ಹಂಗೆ. ಹೆಸರಿನ ಬಗ್ಗೆ ದೊಡ್ಡೋರೆಲ್ಲ ಜಗಳ ಆಡಿ ಸುಸ್ತಾಗಿ ಬಿಟ್ಟಿದ್ದಾರೆ. ಕೆಲಸ ಮಾತ್ರ ಚೆನ್ನಾಗೇ ಮಾಡುತ್ತೆ."

"ಅಲ್ಲಿ ಸೆಮಿ ಅಂತ ಬರೆದಿದೆಯಲ್ಲ, ಅದು?"

"ಅದು ಬೆರಕೆ, ಸೋಸಿದ್ದಕ್ಕೆ ಒಂದಿಷ್ಟು ಸಿಂಥೆಟಿಕ್. ಎಷ್ಟು ಬೆರೆಸಿದ್ದಾರೆ ಅಂತ ಕೇಳಬೇಡ. ಹಾಲಿನವನು ನೀರೆಷ್ಟು ಹಾಕ್ದೆ ಅಂತ ಹೇಳ್ತಾನಾ?" ಭಾವ ಎರಡನೆಯ ಡಬ್ಬವನ್ನು ತಿರುಗಿಸಿ ಹಿಂಭಾಗ ತೋರಿಸಿದ. "ಮುಂದಿನ ಬಂಗಾರದ ಅಕ್ಷರ ನೋಡಲೇಬೇಡ. ಹಿಂದೆ ನೋಡು. ಗಟ್ಟಿ ತೆಳುವಿನ ಅಂಕೆ ಇದು. ಇದು ದರ್ಜೆಯ ಗುರುತು. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇವೆರಡೂ ಇರುತ್ತೆ. ಎರಡೂ ತಾಳೆಯಾದ್ರೆ ನಿನ್ನ ಗಾಡಿಗೆ ಅದೇ ಸರಿ. ನೀನು ಬಿಸಿಲಲ್ಲಿ ನಿಲ್ಲೋಳು, ಬರೀ ಸೋಸಿದ್ದು ಬೇಡ. ಈ ನಡುವಿನದು ಸಾಕು. ಮೂರನೇದಕ್ಕೆ ಸುರಿಯೋ ದುಡ್ಡಲ್ಲಿ ಇದನ್ನ ಇನ್ನೊಂದು ಸಲ ಬದಲಾಯಿಸು. ಎಷ್ಟೇ ಒಳ್ಳೇ ಎಣ್ಣೆ ಆದ್ರೂ ಒಂದಿನ ದಣಿಯುತ್ತೆ."

ಡಬ್ಬವನ್ನೂ ಫಿಲ್ಟರನ್ನೂ ಚೀಲಕ್ಕೆ ಹಾಕುತ್ತ ಅವಳು ಮೆಲ್ಲಗೆ ಕೇಳಿದಳು, "ಅವರು ಬಂದ ದಿನ ನೀವು ಇದನ್ನ ಹೇಳಲಿಲ್ವಾ?"

"ಹೇಳದೆ ಇರ್ತೀನಾ? ನಡುವಿನದು ಸಾಕು ಕಣಪ್ಪ ಅಂದೆ. ಮುಖ ಬಿಳಿಚಿಕೊಂಡು ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತಿದ್ದ. ಕುರ್ಚಿ ಕೊಟ್ರೆ ಕೂರಲಿಲ್ಲ. 'ನಿಮ್ಮ ಅಂಗಡೀಲಿ ನಡುವಿನದು ತಗೊಳ್ಳೋಕೆ ನಾನು ಇಷ್ಟು ದೂರ ಬರಲಿಲ್ಲ' ಅಂದ. ಷಡ್ಡಕ ಅಲ್ವಾ, ನನ್ನ ಮುಂದೆ ತಗ್ಗುತ್ತಾನಾ?" ಭಾವ ನಕ್ಕ, ಆಮೇಲೆ ನಗು ನಿಲ್ಲಿಸಿದ. "ಹೊರಡೋವಾಗ ಡಬ್ಬ ಎದೆಗೆ ಅವಚಿಕೊಂಡು ಕೇಳಿದ: 'ಇದನ್ನ ಹಾಕಿದ್ರೆ ತುಂಬ ದಿನ ಎಣ್ಣೆ ಯೋಚನೆ ಇರಲ್ಲ ಅಲ್ವಾ? ಅವಳಿಗೆ ಬಾನೆಟ್ ಎತ್ತೋಕೆ ಬರಲ್ಲ' ಅಂತ. ನಾನು ಹೌದು ಅಂದೆ. ಡಬ್ಬದ ಮೇಲೆ ಹಾಗೇ ಬರೆದಿತ್ತಲ್ಲ."

ಅವಳು ಚೀಲ ಎತ್ತಿಕೊಂಡಳು. ಅದು ಭಾರವಾಗಿತ್ತು. ಇಷ್ಟೇ ಭಾರದ ಡಬ್ಬವನ್ನು, ಭಾರ ಎತ್ತಬಾರದವನು, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದ.

ಡಬ್ಬವನ್ನು ಕೋನಿನ ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟಳು. ಗೊಣಗಣ್ಣ ಗುಟ್ಟಾಗಿ ಬದಲಾಯಿಸಿಕೊಟ್ಟಾನು. ಮೂರನೆಯ ಮಹಡಿಯವರೆಗೆ ಸುದ್ದಿ ಹೋಗಬೇಕಾಗಿಲ್ಲ. ಆದರೆ ಆಮೇಲೆ? ಎಂದೋ ಚರಂಡಿ ಸೇರಿದ ಎಣ್ಣೆಯ ಲೆಕ್ಕವನ್ನು ಅವನು ಪ್ರತಿ ಸಂಜೆ ಕೇಳಬೇಕು, ಇವಳು ಹೇಳಬೇಕು. ಅದು ಆಗದ ಮಾತು. ಬದಲಾಯಿಸು ಎನ್ನುವ ಮಾತು ಅವನ ಬಾಯಿಂದಲೇ ಬರಬೇಕು. ಪಾರ್ಕಿನ ಮುಂದೆ, ಮಕ್ಕಳ ಗದ್ದಲದ ನಡುವೆ, ಕೋನಿನ ಮೇಲೆ ಸುರುಳಿ ಸುತ್ತುತ್ತ ಅವಳಿಗೆ ಒಂದು ಉಪಾಯ ಹೊಳೆಯಿತು. ದಣಿದ ತಲೆಗೆ ಹೊಳೆದ ಉಪಾಯ. ಅದರ ಕಾಲು ಎಷ್ಟು ಗಟ್ಟಿ ಎಂದು ಅವಳು ನೋಡಲಿಲ್ಲ.

ಆ ಸಂಜೆ ಬಾಗಿಲು ತೆರೆದಾಗ ಅವನು ಎಂದಿನಂತೆ ಕೇಳಿದ. "ಎಷ್ಟು ಓಡ್ತು?"

ಅವಳು ಚೀಟಿಯ ಅಂಕೆಯ ಕಡೆಗೆ ಜಿಗಿದ ಒಂದು ಅಂಕೆ ಹೇಳಿದಳು. ನಿನ್ನೆಯದಕ್ಕೂ ಅದಕ್ಕೂ ಇದ್ದ ಅಂತರದಲ್ಲಿ ಪಕ್ಕದ ಊರಿಗೆ ಹೋಗಿಬರಬಹುದಿತ್ತು, ಅದೂ ಏನೋ ಮರೆತು ಎರಡನೇ ಸಲ.

ಗಂಡ ಮನಸ್ಸಿನಲ್ಲೇ ನಿನ್ನೆಯದನ್ನು ಕಳೆದ. "ಇವತ್ತು ಶಾಲೆ ಕಡೆ ಹೋಗಿದ್ಯಾ?"

"ಹೂಂ."

"ಆಸ್ಪತ್ರೆ?"

"ಹೂಂ. ಪಾರ್ಕೂ."

"ಶಾಲೆ ಏನು ಅಷ್ಟು ದೂರ ಹೋಗಿಬಿಡ್ತಾ?"

"ರಸ್ತೆ ಅಗೆದಿದ್ದಾರೆ ರೀ. ಸುತ್ತಿಕೊಂಡು ಹೋಗಬೇಕು."

"ಯಾವ ರಸ್ತೆ?"

ಅವಳು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದಳು. ಬಗ್ಗಿದವಳು ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಆ ಬೀದಿಗಳಲ್ಲಿ ಅರ್ಧ ಆಯಸ್ಸು ಕಳೆದವನ ಮುಂದೆ ಯಾವ ರಸ್ತೆಯ ಹೆಸರು ಹೇಳುವುದು? ಎಲ್ಲಿ ಗುಂಡಿ, ಎಲ್ಲಿ ತಿರುವು, ಯಾವ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು.

"ಇವಳೇ," ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೆ ಎದೆ ಆಪರೇಷನ್ ಆಗಿದ್ದು. ಕಿವಿಗಲ್ಲ."

ಅವಳು ತಲೆ ಎತ್ತಿದಳು.

"ನೀನು ಗೇಟು ದಾಟಿ ಒಳಗೆ ಬರುವಾಗ ಹಾಡು ನಿಲ್ಲಿಸ್ತೀಯಲ್ಲ, ಅವಾಗ ಕೇಳುತ್ತೆ. ಟಿಕ್ ಟಿಕ್ ಅಂತ. ಬೇಸಿಗೆ ಶುರುವಾಗೋದಕ್ಕೂ ಮುಂಚಿನಿಂದ ಕೇಳ್ತಿದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಕುರ್ಚಿ ಹಿಡಿದ ಮೇಲೆ ಮಾಡಿದ್ದು ಒಂದೇ ಕೆಲಸ, ಅದೂ ಕೆಟ್ಟೋಯ್ತು ಅಂತಾನಾ? ಷಡ್ಡಕರ ಮುಂದೆ ಎದೆ ಸೆಟೆಸಿ ತಂದ ಎಣ್ಣೆ." ಅವನು ನಗಲು ನೋಡಿದ, ಉಸಿರು ಸಾಲದೆ ನಿಲ್ಲಿಸಿದ. "ಚೀಟಿಯ ಅಂಕೆ ಬಂದುಬಿಟ್ರೆ ಬದಲಾಯಿಸು ಅನ್ನಬಹುದಿತ್ತು. ಮರ್ಯಾದೆ ಉಳಿಯೋದು. ಅದಕ್ಕೇ ದಿನಾ ಕೇಳ್ತಿದ್ದೆ, ಬಂತಾ ಬಂತಾ ಅಂತ. ಆ ಹಾಳು ಮೀಟರು ಬರಲೇ ಇಲ್ಲ."

ಇಷ್ಟು ದಿನ ಅವಳು ಕೇಳಿದ ಪ್ರಶ್ನೆ ಒಂದು, ಅವನು ಕೇಳಿದ ಪ್ರಶ್ನೆ ಬೇರೆಯೇ. ಅವಳಿಗೆ ನಗು ಬಂತು. ನಗುವಷ್ಟು ಉಸಿರು ಅವಳಲ್ಲೂ ಇರಲಿಲ್ಲ. ಇಬ್ಬರೂ ಹಾಗೇ ಕೂತರು, ಒಬ್ಬರು ಕುರ್ಚಿಯಲ್ಲಿ, ಒಬ್ಬರು ಹೊಸ್ತಿಲಲ್ಲಿ.

"ಎಣ್ಣೆ ತಪ್ಪಲ್ಲ ರೀ. ನೀವು ತಂದಿದ್ದು ಒಳ್ಳೇದೇ, ಭಾವನೂ ಅದನ್ನೇ ಅಂದ್ರು. ನಾವು ಓಡಿದ್ದನ್ನ ಎಣಿಸಿದ್ವಿ. ಗಾಡಿ ದುಡಿದಿದ್ದೆಲ್ಲ ನಿಂತೇ ಅಲ್ವಾ? ನಿಂತಿದ್ದನ್ನ ಎಣಿಸಲೇ ಇಲ್ಲ ಅಂತ ಗೊಣಗಣ್ಣ ಬೈದ."

ಅವನು ಈ ಮಾತನ್ನು ಬಹಳ ಹೊತ್ತು ನೋಡಿದ, ಬೆಲೆಬಾಳುವ ಸಾಮಾನನ್ನು ತಿರುಗಿಸಿ ನೋಡುವವನ ಹಾಗೆ. "ನಿಜ," ಎಂದ ಕೊನೆಗೆ. "ನಾನೂ ಅಷ್ಟು ವರ್ಷ ನಿಂತೋನೇ. ನನಗೆ ಹೊಳೀಬೇಕಿತ್ತು." ಆಮೇಲೆ ಅವನ ಕಣ್ಣು ಹೊಸ್ತಿಲಿಗೆ ಇಳಿಯಿತು; ಅಲ್ಲಿ ಚಾಚಿದ್ದ ಎರಡು ಪಾದಗಳಿಗೆ, ಪಟ್ಟಿಯ ಗುರುತಿಗೆ, ಬೆಳಿಗ್ಗೆ ಇಲ್ಲದ ಊತಕ್ಕೆ. ಅವು ದಿನವೂ ಅಲ್ಲೇ ಇರುತ್ತಿದ್ದವು. ಅಂಕೆ ಕಳೆಯುವುದರಲ್ಲಿ ಮುಳುಗಿದವನು ಅವನ್ನು ನೋಡಿರಲಿಲ್ಲ.

"ಎಷ್ಟು ಹೊತ್ತು ನಿಂತೆ ಇವತ್ತು?" ಎಂದು ಕೇಳಿದ.

ಗಾಡಿಯನ್ನು ಕೇಳಿದನೋ ತನ್ನನ್ನೋ ಎಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಅವನು ನೋಡುತ್ತಿದ್ದುದು ಪಾದವನ್ನು. ಅವಳು ಸೆರಗಿನಿಂದ ಪಾದ ಮುಚ್ಚಿಕೊಂಡಳು. "ಹೇಳ್ತೀನಿ ಬಿಡಿ" ಎಂದಳು. ಆ ದಿನ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಗೊಣಗಣ್ಣನೇ ಅಂಗಳಕ್ಕೆ ಬಂದ, "ಶೆಡ್ಡು ಬಿಟ್ಟು ಮನೆ ಮನೆಗೆ ಬರೋ ಕಾಲ ಬಂತು ನನಗೆ" ಎನ್ನುತ್ತ. ಗಂಡ ಕೆಳಗಿಳಿಯುತ್ತೇನೆ ಎಂದ. ಬೇಡವೆಂದರೆ, "ಇಳಿಯೋಕೆ ಡಾಕ್ಟರು ಬೇಡ ಅಂದಿಲ್ಲ" ಎಂದ. ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅವನನ್ನು ಕೂರಿಸಿದರು. ತಳದ ತಿರುಪು ಬಿಚ್ಚಿದಾಗ ಹಳೆಯ ಎಣ್ಣೆ ಸುರಿಯಲಿಲ್ಲ, ಇಳಿಯಿತು; ಬಾಣಲೆಯಲ್ಲಿ ಕರ್ರಗೆ, ಹೊಳಪೇ ಇಲ್ಲದೆ ನಿಂತುಕೊಂಡಿತು. ಗಂಡ ಅದನ್ನು ನೋಡಿ ಮುಖ ತಿರುಗಿಸಲಿಲ್ಲ. ಹೊಸ ಎಣ್ಣೆ ಸುರಿಯುವಾಗ, "ಬಾ ಇಲ್ಲಿ" ಎಂದು ಹೆಂಡತಿಯನ್ನು ಕರೆದ. "ಮೊದಲು ಆ ಕೊಕ್ಕೆ ಹುಡುಕು, ಬೆರಳು ಒಳಗೆ ಹಾಕಿ ಪಕ್ಕಕ್ಕೆ ತಳ್ಳು. ಹಾಂ. ಈಗ ಎತ್ತು." ಅವಳು ಬಾನೆಟ್ ಇಳಿಸಿ ಎತ್ತುವುದನ್ನು ಕಲಿತಳು. ಕಡ್ಡಿ ಎಳೆದು ಒರೆಸಿ ಅಳೆಯುವುದನ್ನೂ ಕಲಿತಳು. ರಟ್ಟಿನ ಚೂರನ್ನು ಗೊಣಗಣ್ಣ ಕಿತ್ತು ಕೈ ಒರೆಸಿಕೊಂಡ.

"ಬೇಸಿಗೆಗೆ ಮುಂಚೆ ಒಂದು, ನಡುವೆ ಒಂದು, ಮಳೆ ಶುರುವಾದಾಗ ಒಂದು. ಸರೀನಾ?" ಎಂದ ಗಂಡ.

"ಮೊದಲಿಗೆ ಮಾಡ್ತಿದ್ದಿದ್ದು ಇದನ್ನೇ ಅಲ್ವಾ ನೀವು?" ಎಂದ ಗೊಣಗಣ್ಣ.

ಎಂಜಿನ್ ಹಾಕಿದರು. ಮೂವರೂ ಕಿವಿಗೊಟ್ಟರು. ಕೆಂಪು ದೀಪ ಹತ್ತಲಿಲ್ಲ. ಸದ್ದು ತಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ದೂರದಲ್ಲಿ ಯಾರೋ ಕದ ತಟ್ಟಿದಂತೆ ಒಳಗೆಲ್ಲೋ ಉಳಿದಿತ್ತು.

"ಇದು ಹೀಗೇ ಇರುತ್ತಾ?" ಎಂದಳು ಅವಳು.

"ಇರುತ್ತೆ. ಸವೆದಿದ್ದು ಸವೆದಂಗೇ. ನನ್ನ ಮಂಡಿನೂ ಕಟಕ್ ಅನ್ನುತ್ತೆ, ನಾನು ಕೆಲಸ ಮಾಡ್ತಾ ಇಲ್ವಾ? ಈ ಬೇಸಿಗೆ ದಾಟುತ್ತೆ. ಮುಂದಿನದು ಆಮೇಲೆ ನೋಡೋಣ."

ಗಂಡನನ್ನು ಮೇಲೆ ಹತ್ತಿಸುವಷ್ಟರಲ್ಲಿ ಅವಳಿಗೆ ಶಾಲೆಯ ಮೊದಲ ಬಿಡುವು ತಪ್ಪಿತು. ಪ್ರತಿ ತಿರುವಿನಲ್ಲೂ ಅವನು ಕಂಬಿ ಹಿಡಿದು ನಿಂತ, ಅವಳೂ ನಿಂತಳು. ಅವನು "ನಡಿ" ಎನ್ನುವವರೆಗೆ ಕಾದಳು.

ಆ ಸಂಜೆ ಅವಳು ಮೀಟರು ನೋಡಲಿಲ್ಲ. ಬಾಯಲ್ಲಿ ಯಾವ ಅಂಕೆಯೂ ಇಲ್ಲದೆ ಮೆಟ್ಟಿಲು ಹತ್ತಿದಳು. ಬಾಲ್ಕನಿಯ ಕುರ್ಚಿ ಬಾಗಿಲಿನ ಪಕ್ಕಕ್ಕೆ ಬಂದಿತ್ತು, ಅದರ ಎದುರಿಗೆ ಒಂದು ಗಿಡ್ಡ ಮಣೆ. ಅವನು ಮಂಚದ ತುದಿಯಲ್ಲಿದ್ದ. "ಕೂತ್ಕೋ. ಕಾಲು ಮೇಲಿಡು" ಎಂದ. ಅವಳು ಕೂತು ಮಣೆಯ ಮೇಲೆ ಕಾಲಿಟ್ಟಳು.

"ಈಗ ಹೇಳು. ಎಷ್ಟು ಹೊತ್ತು ನಿಂತೆ?"

"ಬೆಳಿಗ್ಗೆ ಶಾಲೆ ಗೇಟಲ್ಲಿ, ಊಟದ ಬಿಡುವು ಮುಗಿಯೋ ತನಕ. ಅಲ್ಲಿ ಮಕ್ಕಳು ಪುಟ್ಟವು, ಕಿಟಕಿಯಿಂದ ಬಗ್ಗೇ ನಿಂತಿರಬೇಕು. ಆಮೇಲೆ ಆಸ್ಪತ್ರೆ. ಅಲ್ಲಿ ಯಾರೂ ಬೇಗ ತಗೊಳ್ಳಲ್ಲ ರೀ, ಕೈಯಲ್ಲಿ ದುಡ್ಡು ಹಿಡ್ಕೊಂಡೇ ಯೋಚನೆ ಮಾಡ್ತಾ ನಿಂತಿರ್ತಾರೆ. ಅವರ ಜೊತೆ ನಾನೂ..." ಅವಳ ಮಾತು ನಿಧಾನವಾಯಿತು. "ಆಮೇಲೆ..."

ತಲೆ ಪಕ್ಕಕ್ಕೆ ವಾಲಿತು. ಕುರ್ಚಿಯಲ್ಲೇ ಅವಳಿಗೆ ನಿದ್ದೆ ಹತ್ತಿತ್ತು.

"ಆಮೇಲೆ ಪಾರ್ಕು," ಎಂದ ಅವನು ಮೆಲ್ಲಗೆ, ತನಗೇ ಹೇಳಿಕೊಂಡಂತೆ. "ಉಯ್ಯಾಲೆಯ ಪಕ್ಕ. ಬಿಸಿಲು ಇಳಿಯೋ ತನಕ ಅಲ್ಲಿ ನೆರಳೇ ಇಲ್ಲ." ಕೈಬೆರಳು ಮಡಿಸುತ್ತ ಉಳಿದ ಹೊತ್ತನ್ನು ಅವನೇ ಎಣಿಸತೊಡಗಿದ.